ಮಾವನ ಕತ್ತರಿಗೆ ಮುಂಚೆ

"ಏಳೂವರೆ ಎಚ್‌ಪಿ ಮೋಟಾರನ್ನ ಕಣ್ಣು ಮುಚ್ಕಂಡು ಬಿಚ್ಚಿ, ಕಣ್ಣು ಮುಚ್ಕಂಡು ಜೋಡಿಸ್ತೀನಿ. ಹನ್ನೆರಡು ಕೆ.ಜಿ. ಮಗೀನ ಒಂದು ದಿವ್ಸ ನೋಡ್ಕಳಾಕಾಗಕಿಲ್ವಾ ನನ್ಗೆ?"

ಸಂತೆಬಾಚಹಳ್ಳಿಯ ಪಂಪ್‌ಸೆಟ್ ರಿಪೇರಿ ಅಂಗಡಿಯ ಮಾಲೀಕ ಸಿದ್ದೇಶ ಈ ಘೋಷಣೆ ಹೊರಡಿಸಿದ್ದು ಮೇ ತಿಂಗಳ ಒಂದು ಶುಕ್ರವಾರ, ಎರಡನೇ ಮುದ್ದೆಯನ್ನು ಸಾರಿಗೆ ಅದ್ದುತ್ತಾ. ಘೋಷಣೆಗೆ ಸಾಕ್ಷಿಯಾಗಿ ಮೂವರಿದ್ದರು. ಹೆಂಡತಿ ಪುಷ್ಪ, ತಾಯಿ ಸರಸಮ್ಮ, ಮತ್ತು ಹನ್ನೆರಡು ಕೆ.ಜಿ. ತೂಕದ, ಮೂರು ವರ್ಷದ ಮಗಳು ನಿಸರ್ಗ. ಮಗಳು ಆ ಹೊತ್ತಿಗೆ ತಟ್ಟೆಯ ಅನ್ನದಲ್ಲಿ ಒಂದು ಇರುವೆಗೆ ಮನೆ ಕಟ್ಟಿಕೊಡುತ್ತಿದ್ದಳು. ಬಾಗಿಲು ಎಲ್ಲಿಡಬೇಕೆಂಬ ಚಿಂತೆಯಲ್ಲಿದ್ದುದರಿಂದ ಅಪ್ಪನ ಮಾತಿಗೆ ಕಿವಿಗೊಡಲಿಲ್ಲ.

ಪುಷ್ಪ ಸೌಟು ಹಿಡಿದ ಕೈಯನ್ನು ನಿಲ್ಲಿಸಿದಳು. "ಮೋಟಾರು ಎದ್ದು ಓಡೋಗಕಿಲ್ಲ."

"ಓಡಿದ್ರೆ ಇಡ್ಕಂತೀನಿ."

"ಮೋಟಾರು ಯಾಕೆ, ಯಾಕೆ, ಯಾಕೆ ಅಂತ ಕೇಳಾಕಿಲ್ಲ."

"ಕೇಳಿದ್ರೆ ಉತ್ರ ಕೊಡ್ತೀನಿ. ನೀವು ಎಂಗಸ್ರು ಒಂದು ಸಣ್ಣ ಕೆಲ್ಸಾನ ಬೆಟ್ಟ ಮಾಡ್ತೀರಿ. ಎಲ್ಲದ್ಕೂ ಒಂದು ಸಿಸ್ಟಮ್ ಇರ್ಬೇಕು, ಅಷ್ಟೆಯ."

ಸರಸಮ್ಮ ಎಲೆಯಡಿಕೆ ಚೀಲದ ದಾರ ಎಳೆಯುತ್ತಾ, "ಸಿಸ್ಟಮ್ಮಂತೆ! ಮೂರು ವರ್ಸದಲ್ಲಿ ಆ ಮಗೀನ ಮೂಗು ಒಂದ್ಕಿತ ಒರೆಸ್ದೋನಲ್ಲ," ಎಂದರು.

ತಾಯಿಯ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಮಗಳು ಸ್ನಾನ ಮಾಡಿ, ಹೊಟ್ಟೆ ತುಂಬಿಸಿಕೊಂಡು, ನಗುತ್ತಾ ಇದ್ದರೆ ಮಾತ್ರ ಸಿದ್ದೇಶ ಅವಳನ್ನು ಎತ್ತಿಕೊಳ್ಳುತ್ತಿದ್ದ. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ "ಪುಷ್ಪಾ!" ಎಂದು ಕೂಗಿ ಮಾಲನ್ನು ವಾಪಸು ಮಾಡುತ್ತಿದ್ದ. ಹಾಗಿದ್ದೂ ಅಂಗಡಿಗೆ ಮೋಟಾರು ಹೊತ್ತು ತಂದ ರೈತರಿಗೆ ಮಕ್ಕಳನ್ನು ಬೆಳೆಸುವ ಬಗ್ಗೆ ಅವನು ಕೊಡುತ್ತಿದ್ದ ಉಪನ್ಯಾಸಗಳಿಗೆ ಲೆಕ್ಕವಿಲ್ಲ. ಮೋಟಾರು ಸಿಗುವವರೆಗೆ ಬೇರೆ ದಾರಿಯಿಲ್ಲದೆ ಅವರೂ ಕೇಳುತ್ತಿದ್ದರು.

ಒಂದು ದಿನದ ಮಟ್ಟಿಗೆ ಮಗಳನ್ನು ಅವನಿಗೆ ಒಪ್ಪಿಸಬೇಕಾಗಿ ಬಂದದ್ದು ಭಾನುವಾರದ ಮುಡಿಯ ಕಾರಣದಿಂದ. ನಿಸರ್ಗ ಎಂಟನೇ ತಿಂಗಳಿಗೇ ಹುಟ್ಟಿದವಳು. ಹನ್ನೊಂದು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಆಗ ಸರಸಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ಮಗು ಉಳಿದರೆ ಮೂರು ವರ್ಷ ಕತ್ತರಿ ಸೋಕಿಸದೆ ಕೂದಲು ಬೆಳೆಸಿ ಮನೆದೇವರಿಗೆ ಮುಡಿ ಕೊಡುವುದಾಗಿ ಹರಕೆ ಹೊತ್ತಿದ್ದರು. ಮಗು ಉಳಿಯಿತು. ಕೂದಲು ಬೆನ್ನಿನವರೆಗೆ ಬೆಳೆಯಿತು. ಮನೆದೇವರ ಗುಡಿ ಇದ್ದದ್ದು ಹೇಮಾವತಿಯ ದಡದಲ್ಲಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಂದು ನಿಶ್ಚಯವಾಗಿತ್ತು.

ಮುಡಿಗೆ ಒಂದು ಕಟ್ಟುನಿಟ್ಟಿನ ಕಟ್ಟಳೆ ಇತ್ತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಮೂರು ಕತ್ತರಿ ಹಾಕುವವನು ಸೋದರಮಾವ. ಆಮೇಲೆ ಕ್ಷೌರದವನ ಕೆಲಸ. ಮಾವ ಬದುಕಿರುವಾಗ ಬೇರೆ ಯಾರಾದರೂ ಮೊದಲ ಕತ್ತರಿ ಹಾಕಿದರೆ, ಆ ಮಾವ ಸತ್ತ ಲೆಕ್ಕ.

ಇಲ್ಲಿ ಆ ಮಾವನ ಬಗ್ಗೆ ಎರಡು ಮಾತು ಹೇಳಬೇಕು. ಅವನು ಪುಷ್ಪಳ ತಮ್ಮ ಸಿದ್ದರಾಮು. ನಾಗಮಂಗಲದಲ್ಲಿ ಅವನದೊಂದು ಚಪ್ಪಲಿ ಅಂಗಡಿ. ಅಕ್ಕನ ಮದುವೆಯಲ್ಲಿ ತನಗೆ ಕೊಟ್ಟ ಪಂಚೆಯ ಅಂಚು ಬೆರಳಗಲ ಕಿರಿದಾಗಿತ್ತೆಂದು ಎರಡು ವರ್ಷ ಈ ಮನೆಯ ಹೊಸಿಲು ತುಳಿಯದಿದ್ದವನು. ನಾಮಕರಣಕ್ಕೆ ಬಂದವನು ಪಂಕ್ತಿಯಲ್ಲಿ ತನಗೆ ಪಾಯಸ ತಡವಾಗಿ ಬಂತೆಂದು ಅರ್ಧ ಊಟಕ್ಕೆ ಎದ್ದುಹೋದವನು. ಅಪ್ಪ ಅಮ್ಮ ತೀರಿಹೋದ ಮೇಲೆ ಪುಷ್ಪಳಿಗೆ ತವರು ಎಂದು ಉಳಿದದ್ದು ಈ ತಮ್ಮನೊಬ್ಬನೇ. ಮುಡಿಗೆ ಕರೆಯಲು ಅವಳು ಮೂರು ಸಲ ನಾಗಮಂಗಲದ ಬಸ್ಸು ಹತ್ತಿದ್ದಳು. ಮೂರನೇ ಸಲ ಅವನು ಕರಗಿದ. ಹೊಸ ಕತ್ತರಿ ತಂದು, ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಅದರ ಫೋಟೋವನ್ನು ಅಕ್ಕನಿಗೆ ಕಳಿಸಿದ. ಆ ಫೋಟೋ ನೋಡಿ ಪುಷ್ಪ ಅತ್ತುಬಿಟ್ಟಿದ್ದಳು.

ಶನಿವಾರ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಬಟ್ಟೆ, ಬಳೆ, ಪೂಜೆ ಸಾಮಾನು ತರಲು ಕೆ.ಆರ್. ಪೇಟೆಗೆ ಹೊರಟರು. ಬಸ್ಸು ಹತ್ತುವ ಮುನ್ನ ಪುಷ್ಪ ಗಂಡನಿಗೆ ಹೇಳಿದ್ದು ಮೂರೇ ಮಾತು.

"ಮೊಸ್ರನ್ನ ತಿನ್ನಿಸಿ. ಮದ್ಯಾನ ಮನಗ್ಸಿ. ಕೂದ್ಲು ಮುಟ್ಬ್ಯಾಡಿ."

"ಅಷ್ಟೇನಾ?" ಎಂದ ಸಿದ್ದೇಶ, ನಕ್ಕು.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಅವನು ಹಳೆಯ ವಾರಂಟಿ ಕಾರ್ಡೊಂದರ ಹಿಂಬದಿಯಲ್ಲಿ ದಿನದ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ. ಎಂಟೂವರೆಗೆ ಹಾಲು. ಎಂಟು ಐವತ್ತಕ್ಕೆ ಸ್ನಾನ. ಒಂಬತ್ತೂ ಹತ್ತರಿಂದ ಒಂಬತ್ತೂ ಮೂವತ್ತರವರೆಗೆ ಆಟ. ಒಂಬತ್ತೂ ಮೂವತ್ತರಿಂದ ಹನ್ನೊಂದರವರೆಗೆ, ಮಗು ಸುಮ್ಮನೆ ಕೂತಿರುವುದು.

ಹಾಲಿನ ಲೋಟವನ್ನು ನಿಸರ್ಗ ಎರಡೂ ಕೈಯಲ್ಲಿ ಹಿಡಿದು ಒಳಗೆ ಇಣುಕಿದಳು.

"ಅಪ್ಪ, ಆಲು ಯಾಕೆ ಬೆಳ್ಗದೆ?"

"ಅಸಾ ಕೊಡೋದೇ ಅಂಗೆ ಕಣವ್ವ."

"ಅಸಾ ಕಪ್ಗದಲ್ಲ?"

"ಊಂ, ಕಪ್ಗದೆ."

"ಮತ್ತೆ ಆಲು ಯಾಕೆ ಬೆಳ್ಗದೆ?"

ಹದಿನೆಂಟು ವರ್ಷದಿಂದ ಮೋಟಾರು ಬಿಚ್ಚುತ್ತಿದ್ದ ಸಿದ್ದೇಶ ಮೊದಲ ಬಾರಿಗೆ ಒಂದು ಯಂತ್ರದ ಒಳಗು ತನಗೆ ತಿಳಿದಿಲ್ಲವೆಂದು ಕಂಡುಕೊಂಡ. ಹಾಲಿನ ಪ್ರಶ್ನೆ ಮುಗಿದಾಗ ಒಂಬತ್ತೂಕಾಲು. ಹಾಲು ಲೋಟದಲ್ಲೇ ಇತ್ತು. ಸ್ನಾನಕ್ಕೆಂದು ನೀರು ತೋಡಿದರೆ, ಅವಳು ಮೊದಲು ಚೊಂಬಿಗೆ ಸ್ನಾನ ಮಾಡಿಸಿದಳು, ಆಮೇಲೆ ಸೋಪಿಗೆ, ಆಮೇಲೆ ಅಪ್ಪನ ಹೊಸ ಪ್ಯಾಂಟಿಗೆ. ವೇಳಾಪಟ್ಟಿ ಗೋಡೆಯ ಮೇಲೆ ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿತ್ತು, ಯಾರೋ ನಕ್ಕ ಹಾಗೆ.

ಆದರೆ ಆ ಬೆಳಗಿನಲ್ಲಿ ಸಿದ್ದೇಶನಿಗೆ ಸಂತೋಷವೇ ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಯ ಮುಂಭಾಗವೇ ಅಂಗಡಿ. ಅಲ್ಲಿ ಬಿಚ್ಚಿಟ್ಟ ಮೋಟಾರೊಂದರ ಮೇಲೆ ನಿಸರ್ಗ ಒದ್ದೆ ಬಟ್ಟೆ ಹಾಕಿ, "ಸದ್ದು ಮಾಡ್ಬ್ಯಾಡ, ಇದ್ಕೆ ಜರ ಬಂದದೆ," ಎಂದು ಪಿಸುಗುಟ್ಟಿದಳು. ಸ್ಪ್ಯಾನರುಗಳನ್ನು ಸಾಲಾಗಿ ಮಲಗಿಸಿ, "ಒಂದು, ಎಲ್ಡು, ಐದು, ಸಿದ್ದೇಸ," ಎಂದು ಎಣಿಸಿದಳು. ಐದರ ನಂತರ ಬರುವ ಸಂಖ್ಯೆ ತನ್ನ ಅಪ್ಪನ ಹೆಸರು ಎಂದು ಅವಳಿಗೆ ಯಾರು ಹೇಳಿಕೊಟ್ಟರೋ! ಅವನು ನಕ್ಕೂ ನಕ್ಕೂ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಮಗಳು ಇಷ್ಟೆಲ್ಲ ಮಾತು ಕಲಿತಿರುವುದು ಗೊತ್ತಾದದ್ದೇ ಅಂದು. ತಡವಾಗಿ ಗೊತ್ತಾಯಿತೆಂಬುದು ಅವನಿಗೆ ಹೊಳೆಯಲಿಲ್ಲ. ತನ್ನ ಸಿಸ್ಟಮ್ ಫಲ ಕೊಡುತ್ತಿದೆ ಎಂದುಕೊಂಡ.

ಹನ್ನೊಂದು ಗಂಟೆಗೆ ಪಕ್ಕದ ಮನೆಯ ಚಿಕ್ಕಬೋರಮ್ಮ ಅರ್ಧ ಹಲಸಿನ ಹಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದರು.

"ನಾಳೆ ನೆಂಟ್ರು ಬತ್ತರಲ್ಲ, ಅವ್ರಿಗೆ ಅಂತ ತಂದೆ. ಈಗ ಕುಯ್ಬ್ಯಾಡ ಕಣಪ್ಪ. ಪುಷ್ಪ ಬಂದು ಕುಯ್ಕಂತಳೆ. ಕೂಸು ಇರೋ ಮನೆ, ಅಂಟು."

"ನಂಗೊತ್ತಿಲ್ವಾ ಚಿಕ್ಕಬೋರಮ್ಮಾರೆ, ಕೈಗೆ ಎಣ್ಣೆ ಸವ್ರಿಕೊಂಡ್ರೆ ಆಯ್ತು!"

ಅವನಿಗೆ ಗೊತ್ತಿತ್ತು, ನಿಜ. ಮನೆಯಲ್ಲಿದ್ದ ಕೊಬ್ಬರಿ ಎಣ್ಣೆಯ ಕೊನೆಯ ಹನಿಯವರೆಗೂ ಬಗ್ಗಿಸಿ ತನ್ನ ಎರಡೂ ಕೈಗೆ ಸವರಿಕೊಂಡ. ಕತ್ತಿಗೆ ಸವರಿದ. ಮಣೆಗೂ ಸವರಿದ. ಮಗಳ ಕೈಗೆ ಸವರಲಿಲ್ಲ. ಹಣ್ಣು ಕುಯ್ಯುವವನು ತಾನು ತಾನೆ! ನಾಲ್ಕು ತೊಳೆ ಬಿಡಿಸಿ ಮಗಳಿಗೆ ಕೊಟ್ಟ. ಮೊಸರನ್ನಕ್ಕೆ ಬಾಯಿ ಬಿಗಿದಿದ್ದವಳು ತೊಳೆಗೆ ಬಾಯಿ ತೆರೆದಳು. ಇನ್ನೇನು ಬೇಕು? ಆಗ ಫೋನು ಬಂತು. ಹೊಸಹೊಳಲಿನ ಒಬ್ಬರ ಬೋರ್‌ವೆಲ್ ಮೋಟಾರು ನೀರು ಎತ್ತುತ್ತಿರಲಿಲ್ಲ. ಸಿದ್ದೇಶ ಹಿತ್ತಿಲಿಗೆ ಹೋಗಿ ಹನ್ನೊಂದು ನಿಮಿಷ ಪರಿಹಾರ ಹೇಳಿದ. ವಾಪಸು ಬಂದಾಗ ಮಗಳು ಹೊಸಿಲ ಮೇಲೆ ಗಂಭೀರವಾಗಿ ಕುಳಿತಿದ್ದಳು.

"ಅಪ್ಪ, ಊವ ಮುಡ್ಕಂಡೆ. ಸಂದಾಗದಾ?"

ಹಲಸಿನ ದಿಂಡು. ಬಿಳಿಯ ಹಾಲು ಸೋರುತ್ತಿದ್ದ ಗೇಣುದ್ದದ ದಿಂಡನ್ನು ಅವಳು ನೆತ್ತಿಯ ಮೇಲಿಟ್ಟು, ಕೂದಲನ್ನು ಅದಕ್ಕೆ ಸುತ್ತಿ, ಚೆನ್ನಾಗಿ ಕೂರಲೆಂದು ಎರಡೂ ಕೈಯಿಂದ ಒತ್ತಿದ್ದಳು. ನಾಳೆ ಮುಡಿಗೆ ಮುಂಚೆ ಹೂ ಮುಡಿಸುತ್ತೇವೆಂದು ಅಜ್ಜಿ ಹೇಳಿದ್ದರಲ್ಲ. ಅವಳು ಒಂದು ದಿನ ಮುಂಚಿತವಾಗಿ ಮುಡಿದಿದ್ದಳು, ಅಷ್ಟೆ.

ಸಿದ್ದೇಶ ದಿಂಡು ಎಳೆದ. ಮಗಳು ಕಿರುಚಿದಳು. ದಿಂಡು ಅರ್ಧ ಬಂತು, ಅಂಟು ಪೂರಾ ಉಳಿಯಿತು.

ಅಂಟಿಗೆ ಎಣ್ಣೆ ಮದ್ದು ಎಂಬ ತತ್ವ ಅವನಿಗೆ ತಿಳಿದಿತ್ತು. ಎಣ್ಣೆ ಇರಲಿಲ್ಲ; ಅಡುಗೆ ಎಣ್ಣೆಯೂ ಅಂದು ಪೇಟೆಯಿಂದಲೇ ಬರಬೇಕಿತ್ತು. ಚಿಕ್ಕಬೋರಮ್ಮನ ಮನೆಗೆ ಹೋಗಿ ಒಂದು ಲೋಟ ಎಣ್ಣೆ ಕೇಳಬಹುದಿತ್ತು. ಆದರೆ "ಕುಯ್ಬ್ಯಾಡ ಅಂದಿದ್ದೆ" ಎಂಬ ಮಾತನ್ನೂ ಜೊತೆಗೇ ತರಬೇಕಾಗುತ್ತಿತ್ತು. ಗಂಡಸಿನ ಮರ್ಯಾದೆ ಎಂಬುದು ಒಂದಿದೆಯಲ್ಲ! ಅವನ ಕಣ್ಣು ಅಂಗಡಿಯ ಕಪಾಟಿನತ್ತ ಹೋಯಿತು. ಎಣ್ಣೆ ಮಾಡುವ ಕೆಲಸವನ್ನು ಎಣ್ಣೆಗಿಂತ ಗಟ್ಟಿಯಾಗಿ ಮಾಡುವ ವಸ್ತುವೊಂದು ಅಲ್ಲಿ ಎರಡು ಕೆ.ಜಿ. ಡಬ್ಬದಲ್ಲಿತ್ತು.

ಮೋಟಾರಿನ ಗ್ರೀಸ್.

ಐದು ನಿಮಿಷದಲ್ಲಿ ಮಗಳ ತಲೆ, ಮೇಲಿನ ಅರ್ಧ, ಹೊಸ ಟ್ರಾಕ್ಟರಿನ ಗಾಲಿಯ ನಡುಭಾಗದಂತೆ ಮಿನುಗತೊಡಗಿತು. ಅಂಟು ಒಂದಿಷ್ಟು ಸಡಿಲಾಯಿತು, ಆದರೆ ಗ್ರೀಸ್ ಹೋಗಲಿಲ್ಲ. ಸೋಪು ಹಾಕಿದ. ಸೋಪು ಜಾರಿತು. ಜಿಡ್ಡಿಗೆ ಕಡಲೆಹಿಟ್ಟು ಒಳ್ಳೆಯದೆಂದು ತಾಯಿ ಎಂದೋ ಹೇಳಿದ್ದು ನೆನಪಾಯಿತು. ಎಷ್ಟು ಎಂದು ಹೇಳಿದ್ದು ನೆನಪಾಗಲಿಲ್ಲ. ಅರ್ಧ ಡಬ್ಬ ಸುರಿದು, ಬಿಸಿನೀರು ಹಾಕಿ ಉಜ್ಜಿದ.

"ಅಪ್ಪ, ಬೋಂಡಾ ಮಾಡ್ತೀಯಾ?" ಎಂದಳು ನಿಸರ್ಗ, ಆಸೆಯಿಂದ.

ಕೊನೆಗೆ ಅವನು ಕೃಷ್ಣನಿಗೆ ಫೋನು ಮಾಡಿದ. ಮರುದಿನ ಮುಡಿ ತೆಗೆಯಬೇಕಾದ ಕ್ಷೌರದವನು ಅವನೇ.

"ಕೃಷ್ಣ, ಕೂದ್ಲಿಗೆ ಅಲಸಿನಂಟು ಅಂಟ್ಕಂಡ್ರೆ ಏನ್ಲಾ ಮಾಡ್ಬೇಕು? ಸುಮ್ಕೆ ಕೇಳ್ದೆ."

"ಕೊಬ್ರಿ ಎಣ್ಣೆ ಅಚ್ಚಿ ಅರ್ಧ ಗಂಟೆ ಬುಟ್ಬುಡಣ್ಣ. ತಾನೇ ಜಾರ್ಕಂಡು ಬತ್ತದೆ."

"ಗ್ರೀಸ್ ಅಚ್ಚಿದ್ರೆ?"

"ಅಣ್ಣ, ಅದು ತಲೆಯಾ, ಬೇರಿಂಗಾ?"

"ಗ್ರೀಸ್ ಮ್ಯಾಲೆ ಕಡ್ಲೆಹಿಟ್ಟು ಬಿದ್ದಿದ್ರೆ?"

"ಅಂಗಾರೆ ಬಾಣ್ಲಿ ಇಟ್ಬುಡಣ್ಣ. ಇನ್ನು ಕರಿಯೋದೊಂದೇ ಬಾಕಿ."

"ತಮಾಸೆ ಬುಡ್ಲಾ. ಒಸಿ ಬಂದು ನೋಡೋಗು."

"ನಾಳೆ ಮಾವ ಮೂರು ಕತ್ರಿ ಆಕೋಗಂಟ ಆ ತಲೆ ತಾವ ನಾನು ಸುಳಿಯಾಕಿಲ್ಲ ಕಣಣ್ಣ. ನಾಗಮಂಗ್ಲದೋನು ನನ್ನ ಕತ್ರಿ ಕಿತ್ಕಂಡು ನನ್ಗೇ ಆಕ್ತನೆ. ನೀನೂ ಮುಟ್ಬ್ಯಾಡ. ಇದ್ದಂಗೆ ಇರ್ಲಿ, ಪುಷ್ಪಕ್ಕ ಬರ್ಲಿ."

ಇದು ಆ ದಿನ ಸಿದ್ದೇಶನಿಗೆ ಸಿಕ್ಕಿದ ಏಕೈಕ ಒಳ್ಳೆಯ ಸಲಹೆ. ಅದನ್ನು ಅವನು ತಕ್ಷಣ ತಳ್ಳಿಹಾಕಿದ. ಪುಷ್ಪ ಬಂದು ಈ ತಲೆ ನೋಡುವುದೇ? ನೆತ್ತಿಯ ಆ ಗಂಟೊಂದನ್ನು ತೆಗೆದು, ಅಕ್ಕಪಕ್ಕದ ಕೂದಲನ್ನು ಅದರ ಮೇಲೆ ಎಳೆದು ಕಟ್ಟಿದರೆ ಯಾರಿಗೆ ಗೊತ್ತಾಗಬೇಕು? ಮೋಟಾರಿನ ತಂತಿಸುರುಳಿಗೆ ಹಾಕುವ ಕಾಗದ ಕತ್ತರಿಸುವ ಕತ್ತರಿ ಕೈಗೆ ಬಂತು. ಮಗಳ ಕೈಗೆ ಒಂದು ಹಳೆಯ ಕೆಪಾಸಿಟರ್ ಕೊಟ್ಟು ಸ್ಟೂಲಿನ ಮೇಲೆ ಕೂರಿಸಿದ.

ಕಚಕ್.

ಗಂಟು ಹೋಯಿತು. ಜೊತೆಗೆ ನೆತ್ತಿಯ ಎಡಭಾಗವೂ ಹೋಯಿತು. ಎಡ ಹೋದ ಮೇಲೆ ಬಲ ಎದ್ದು ಕಾಣಿಸಿತು. ಬಲವನ್ನು ಸರಿದೂಗಿಸಿದ. ಆಗ ಎಡ ಹೆಚ್ಚಾಯಿತು. ಅರ್ಧ ಗಂಟೆ ಕಳೆದು ಅವನು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ, ಮಗಳ ತಲೆ ಮೇಕೆಗಳು ಮೇಯ್ದು ಎದ್ದುಹೋದ ಹುರುಳಿ ಹೊಲದಂತಿತ್ತು. ಅಲ್ಲೊಂದು ಕುರುಚಲು, ಇಲ್ಲೊಂದು ಬಯಲು. ಎಡಗಿವಿಯ ಹಿಂದೆ ಒಂದು ಎಳೆ ಮಾತ್ರ ಮೂರು ವರ್ಷದ ಉದ್ದವನ್ನು ಉಳಿಸಿಕೊಂಡು ತಬ್ಬಲಿಯಂತೆ ನೇತಾಡುತ್ತಿತ್ತು.

ಮೊದಲ ಕತ್ತರಿ ಬಿದ್ದಾಗಿತ್ತು. ಸೋದರಮಾವ ಸತ್ತಾಗಿತ್ತು.

ಸಾಮಾನ್ಯ ಮನುಷ್ಯನಾಗಿದ್ದರೆ ಇಲ್ಲಿಗೆ ಕೈಚೆಲ್ಲಿ ಕುಳಿತುಕೊಳ್ಳುತ್ತಿದ್ದ. ಸಿದ್ದೇಶ ರಿವೈಂಡಿಂಗ್ ಕೆಲಸದವನು. ಬಿಚ್ಚಿದ್ದನ್ನು ಸುತ್ತುವುದೇ ಅವನ ವೃತ್ತಿ! ನೆಲದ ಮೇಲೆ ಬಿದ್ದಿದ್ದ ಕೂದಲಲ್ಲಿ ಗ್ರೀಸ್ ಸೋಕದ ಉದ್ದನೆಯ ಎಳೆಗಳನ್ನು ಆರಿಸಿದ. ತೊಳೆದ, ಒಣಗಿಸಿದ, ಬಾಚಿದ. ಸಣ್ಣ ಸಣ್ಣ ಕಂತೆ ಮಾಡಿ, ಒಂದೊಂದರ ಬುಡಕ್ಕೂ ಇಪ್ಪತ್ತಾರು ಗೇಜಿನ ತಾಮ್ರದ ತಂತಿಯನ್ನು ಹನ್ನೆರಡು ಸುತ್ತು ಬಿಗಿದ. ಚಳಿಗಾಲದಲ್ಲಿ ಕೊಂಡಿದ್ದ ಕೆಂಪು ಉಣ್ಣೆ ಟೋಪಿಯ ಒಳ ಅಂಚಿಗೆ ಅವನ್ನೆಲ್ಲ ಒಂದೇ ಅಳತೆಯ ಅಂತರದಲ್ಲಿ ಹೊಲಿದ. ಎರಡು ಗಂಟೆ ತಗುಲಿತು. ಮಗಳು ಅಷ್ಟರಲ್ಲಿ ತಾನೇ ಮೊಸರನ್ನ ಬಡಿಸಿಕೊಂಡು, ಅರ್ಧ ತಿಂದು, ಅರ್ಧ ಮೋಟಾರಿಗೆ ತಿನ್ನಿಸಿ, ಚಾಪೆಯ ಮೇಲೆ ಮಲಗಿ ನಿದ್ದೆ ಹೋಗಿದ್ದಳು. ಪುಷ್ಪ ಹೇಳಿದ್ದ ಮೂರು ಕೆಲಸಗಳಲ್ಲಿ ಎರಡು, ಅಪ್ಪನ ಹಂಗಿಲ್ಲದೆ ಮುಗಿದವು.

ಎದ್ದ ಮಗಳ ತಲೆಗೆ ಟೋಪಿ ಹಾಕಿ ನೋಡಿದ. ಕೆಂಪು ಟೋಪಿಯ ಕೆಳಗಿಂದ ಕಪ್ಪು ಕೂದಲು ಬೆನ್ನ ಮೇಲೆ ಇಳಿದಿತ್ತು. ಒಂದು ಕ್ಷಣ ಅವನಿಗೇ ನಂಬಿಕೆಯಾಯಿತು.

ಐದೂಕಾಲಿಗೆ ಬಸ್ಸು ಬಂತು. ಪುಷ್ಪ ಒಳಗೆ ಕಾಲಿಟ್ಟವಳೇ ಸುತ್ತ ನೋಡಿದಳು. ಮನೆ ಗುಡಿಸಿ ಒರೆಸಿತ್ತು. ಅವಳಿಗೆ ಆಗಲೇ ಅನುಮಾನ ಬಂತು.

"ಟೋಪಿ ಯಾಕೆ ಆಕಿದ್ದೀರಿ, ಈ ಸೆಕೇಲಿ?"

"ಗಾಳಿ. ಕಿವಿಗೆ ಗಾಳಿ ಒಡೀತಿತ್ತು."

"ಎಲ್ಲದೆ ಗಾಳಿ? ಒಂದು ಎಲೆ ಅಲ್ಲಾಡ್ತಿಲ್ಲ."

"ಇದು ಒಳಗಾಳಿ."

ಸರಸಮ್ಮ ಮೊಮ್ಮಗಳ ಬೆನ್ನ ಮೇಲಿನ ಕೂದಲನ್ನು ದೂರದಿಂದಲೇ ನೋಡಿ ಹಿಗ್ಗಿದರು. "ನೋಡವ್ವ ಪುಷ್ಪ, ಎಷ್ಟು ನುಣ್ಗೆ ಬಾಚವ್ನೆ! ನಾವು ಬಾಚಿದ್ರೆ ಇಂಗೆ ಕೂತ್ಕಳಾಕಿಲ್ಲ. ಸುಮ್ಕೆ ಬೈತಿದ್ದೆ ಕಣ್ಲಾ ಮಗ ನಿನ್ನ."

ಸಿದ್ದೇಶ ಎದೆ ಅಗಲ ಮಾಡಿ, "ನಾನು ನೆನ್ನೇನೆ ಏಳ್ಳಿಲ್ವಾ ಅವ್ವ? ಎಲ್ಲದ್ಕೂ ಒಂದು ಸಿಸ್ಟಮ್ಮು," ಎಂದ.

ಎದೆ ಅಗಲವಾಗಿಯೇ ಇದ್ದಾಗ ಬಾಗಿಲಲ್ಲಿ ಸಿದ್ದರಾಮು ಕಾಣಿಸಿಕೊಂಡ. ನಾಳೆ ಬರಬೇಕಿದ್ದವನು ಕೆ.ಆರ್. ಪೇಟೆ ಬಸ್ ನಿಲ್ದಾಣದಲ್ಲಿ ಅಕ್ಕನನ್ನು ಕಂಡು ಅದೇ ಬಸ್ಸಿಗೆ ಬಂದಿದ್ದ; ಬಾಳೆಗೊನೆ ಇಳಿಸಿಕೊಳ್ಳುವಷ್ಟರಲ್ಲಿ ಹಿಂದುಳಿದಿದ್ದ. ಒಂದು ಕೈಯಲ್ಲಿ ಬಾಳೆಗೊನೆ. ಇನ್ನೊಂದು ಕೈಯಲ್ಲಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಕತ್ತರಿ.

"ಚೆಂದಾಗಿದ್ದೀರಾ ಬಾವ?" ಎಂದ. ಆ ಮನೆಯಲ್ಲಿ ಅವನು ನಗುತ್ತಾ ಮಾತಾಡಿದ್ದು ಅದೇ ಮೊದಲು. ಮಗುವಿನ ಮುಂದೆ ಬಗ್ಗಿದ. "ನನ್ನ ಬಂಗಾರಿ, ನಾಳೆ ಮಾಮಂಗೆ ಕೂದ್ಲು ಕೊಡ್ತೀಯಾ?"

ನಿಸರ್ಗ ಮಾವನ ಮುಖವನ್ನು ನೋಡಿದಳು. ಅವಳದು ಉದಾರ ಮನಸ್ಸು.

"ನಾಳೆ ಯಾಕೆ? ಇವತ್ತೇ ತಕ್ಕೊ ಮಾಮ," ಎಂದು ಟೋಪಿ ತೆಗೆದು, ಕೂದಲು ಸಮೇತ, ಅವನ ಕೈಗಿಟ್ಟಳು.

ಬಾಳೆಗೊನೆ ನೆಲಕ್ಕೆ ಬಿತ್ತು.

ಸಿದ್ದರಾಮು ಟೋಪಿಯನ್ನು ತಿರುಗಿಸಿ ನೋಡಿದ. ತಾಮ್ರದ ತಂತಿ ಮಿನುಗಿತು. ಆಮೇಲೆ ಮಗುವಿನ ತಲೆ ನೋಡಿದ. ಆಮೇಲೆ ಬಾವನನ್ನು.

"ನಾನು ಸತ್ತೋದ್ನಾ ಬಾವ?"

"ಅಂಗಲ್ಲ ಕಣ್ಲಾ ಸಿದ್ರಾಮು, ಅಲಸಿನ ದಿಂಡು..."

"ದಿಂಡೋ ಮಂಡೋ! ಯಾವಾಗ ಸತ್ತೆ ಏಳಿ. ತಿಥಿ ಆಯ್ತಾ? ವಡೆ ಮಾಡಿದ್ರಾ? ಅಂಚು ಸಣ್ಣ ಪಂಚೆ ಕೊಟ್ಟಾಗ ಬಾಯಿ ಮುಚ್ಕಂಡಿದ್ದೆ. ಪಾಯ್ಸ ಕೊಡ್ದಾಗ ಬಾಯಿ ಮುಚ್ಕಂಡಿದ್ದೆ." (ಎರಡು ಸಲವೂ ಅವನು ಬಾಯಿ ಮುಚ್ಚಿಕೊಂಡಿರಲಿಲ್ಲ. ಆದರೆ ಅದನ್ನು ನೆನಪಿಸುವ ಸಮಯ ಅದಾಗಿರಲಿಲ್ಲ.) "ಇವತ್ತು ನನ್ನ ಕತ್ರಿ ಕೈಲಿರೋವಾಗ್ಲೆ ನನ್ನ ಸಾಯಿಸ್ಬುಟ್ರಿ. ಅಕ್ಕ, ನಾನು ಬತ್ತೀನಿ. ಇನ್ನು ಈ ಜನ್ಮದಲ್ಲಿ ಈ ಅಟ್ಟಿ ಕಡೆ ಮಕ ಆಕ್ಕಂಡು ಮನಗಾಕಿಲ್ಲ."

ಸರಸಮ್ಮ ಮೊಮ್ಮಗಳ ತಲೆ ಸವರುತ್ತಾ, "ಗಾಜಿನ ಪೆಟ್ಗೇಲಿದ್ದ ಕೂಸನ್ನ ಉಳ್ಸಿಕೊಟ್ಟ ದೇವ್ರಿಗೆ ಏನಂತ ಏಳ್ಲಪ್ಪ," ಎಂದು ಅಳತೊಡಗಿದರು. ಪುಷ್ಪ ಮಾತ್ರ ಅಳಲಿಲ್ಲ, ಬೈಯಲಿಲ್ಲ. ಹೊಸಿಲಿಗೆ ಅಡ್ಡವಾಗಿ ನಿಂತು, ತಮ್ಮನ ಮುಂಗೈ ಹಿಡಿದುಕೊಂಡಳು. ಅದನ್ನು ನೋಡಿದಾಗ ಸಿದ್ದೇಶನಿಗೆ ಮೊದಲ ಸಲ, ತಾನು ಕತ್ತರಿಸಿದ್ದು ಕೂದಲನ್ನಷ್ಟೇ ಅಲ್ಲ ಎಂದು ತಿಳಿಯಿತು.

"ಕೂತ್ಕ," ಎಂದಳು ಪುಷ್ಪ ತಮ್ಮನಿಗೆ. "ಪೂಜಾರಪ್ಪನ್ನ ಕೇಳಾನ. ಆಮೇಲೆ ಓಗಂಗಿದ್ರೆ ಓಗು."

ಮನೆದೇವರ ಪೂಜಾರಿ ಚಿಕ್ಕಸಿದ್ದಯ್ಯನಿಗೆ ಫೋನು ಹೋಯಿತು. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದರು. ದಿಂಡಿನಿಂದ ತಂತಿಯವರೆಗೆ ಇಡೀ ಕತೆಯನ್ನು ಸಿದ್ದೇಶನ ಬಾಯಿಂದಲೇ ಹೇಳಿಸಿದರು. ಮುದುಕ ಪೂರ್ತಿ ಕೇಳಿಸಿಕೊಂಡ.

"ತಲೆ ಮ್ಯಾಲೆ ಇನ್ನೂ ಕೂದ್ಲು ಉಳ್ದದಾ?"

"ಅದೆ ಪೂಜಾರಪ್ಪ. ಅಲ್ಲೊಂದು ಇಲ್ಲೊಂದು."

"ಮೂರು ಕತ್ರಿಗೆ ಆಗೋವಷ್ಟು?"

ಪುಷ್ಪ ಮಗಳ ತಲೆಯನ್ನು ದೀಪದ ಕಡೆ ತಿರುಗಿಸಿ ಹುಡುಕಿದಳು. "ಎಡಗಿವಿ ಇಂದೆ ಒಂದು ಉದ್ಕದೆ. ನೆತ್ತಿ ಮ್ಯಾಲೆ ಎಲ್ಡು ಗಿಡ್ಕವೆ."

"ಸಾಕು. ದೇವ್ರು ತಕ್ಕಡಿ ಇಟ್ಕಂಡು ಕೂತಿಲ್ಲ. ಅಂಗಡಿ ಕತ್ರಿ ಬಿದ್ದಿದ್ದು ಮುಡಿಯಲ್ಲ, ಅಪಚಾರ. ನಾಳೆ ಮಾವ ಆಕೋದೇ ಮೊದ್ಲ ಕತ್ರಿ. ಆದ್ರೆ ಅಪಚಾರಕ್ಕೆ ತಪ್ಪುಗಾಣಿಕೆ ಆಗ್ಬೇಕು."

ಸಿದ್ದೇಶನಿಗೆ ಹೋದ ಜೀವ ಬಂದಂತಾಯಿತು. ಜೇಬಿಗೆ ಕೈಹಾಕುತ್ತಾ, "ಏಳಿ ಪೂಜಾರಪ್ಪ, ಎಷ್ಟಾದ್ರೂ ಉಂಡಿಗೆ ಆಕ್ಬುಡ್ತೀನಿ," ಎಂದ.

"ಉಂಡಿಗಲ್ಲ ಕಣಪ್ಪ. ಕೂದ್ಲಿಗೆ ಕೂದ್ಲು. ನೀನೂ ಮುಡಿ ಕೊಡು."

ಕೈ ಜೇಬಿನಲ್ಲೇ ಉಳಿಯಿತು. "ನನ್ಗೆ ಮೊದ್ಲ ಕತ್ರಿ ಆಕಾಕೆ ನಮ್ ಸೋದರಮಾವ ಇಲ್ವಲ್ಲ. ತೀರ್ಕಂಡು ಆರು ವರ್ಸ ಆಯ್ತು."

"ಯಾರ ಅಕ್ಕು ಕಿತ್ಕಂಡ್ಯೋ ಅವ್ನೇ ಆಕ್ತಾನೆ ಬುಡು."

ಸಿದ್ದರಾಮುವಿನ ಮುಖ ನಿಧಾನವಾಗಿ ಅರಳಿತು. ಪುಷ್ಪ ಫೋನಿನತ್ತ ಬಗ್ಗಿದಳು. ಅವಳ ದನಿ ಬಹಳ ವಿನಯದಿಂದ ಕೂಡಿತ್ತು.

"ಪೂಜಾರಪ್ಪ, ಮುಡಿ ಅಂದ್ಮೇಲೆ ತೊಡೆ ಮ್ಯಾಲೆ ಕೂತೇ ಕೊಡ್ಬೇಕಲ್ವಾ? ಕೆಳಗೆ ಕೂತು ಕೊಟ್ರೆ ಸಲ್ತದಾ?"

"ಎಂಗೆ ಸಲ್ತದವ್ವ? ತೊಡೆ ಮ್ಯಾಲೇ ಕೂರ್ಬೇಕು."

ಭಾನುವಾರ ಹತ್ತು ಗಂಟೆಗೆ ನಿಸರ್ಗ ಮಾವನ ತೊಡೆಯ ಮೇಲೆ ರಾಣಿಯಂತೆ ಕುಳಿತು, ಮೂರು ಕತ್ತರಿ ಹಾಕಿಸಿಕೊಂಡು, ಕೃಷ್ಣನ ಕೈಯಲ್ಲಿ ನುಣ್ಣಗಾಗಿ ಎದ್ದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಎಡಗಿವಿಯ ಹಿಂದಿನ ಎಳೆಯನ್ನು ಸರಸಮ್ಮ ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರಿಗೆ ಒಪ್ಪಿಸಿದರು.

ಆಮೇಲೆ ಎಂಬತ್ತಮೂರು ಕೆ.ಜಿ.ಯ ಸಿದ್ದೇಶ ಐವತ್ತನಾಲ್ಕು ಕೆ.ಜಿ.ಯ ಬಾಮೈದನ ತೊಡೆ ಏರಿದ. ನೆರೆದ ನೆಂಟರ ಮೊಬೈಲುಗಳು ಒಟ್ಟಿಗೆ ಮೇಲೆದ್ದವು.

"ಬೇಗ ಮುಗ್ಸಿ ಸಿದ್ರಾಮಣ್ಣ, ಕಾಲು ಇಡ್ಕತದೆ," ಎಂದ ಕೃಷ್ಣ, ಕನಿಕರದಿಂದ.

"ಅವಸ್ರ ಏನದೆ?" ಎಂದ ಸಿದ್ದರಾಮು. ತೊಡೆ ಮರಗಟ್ಟಿತ್ತು, ಹಣೆಯಲ್ಲಿ ಬೆವರಿಳಿಯುತ್ತಿತ್ತು. ಆದರೂ ಅವನು ಕತ್ತರಿಗೆ ಇನ್ನೊಮ್ಮೆ ಕುಂಕುಮ ಹಚ್ಚಿದ. "ತಲೆ ಬಗ್ಸಿ ಬಾವ. ಇನ್ನೊಸಿ. ಇನ್ನೂ ಒಸಿ. ಆಂ, ಅಂಗೆ." ಅಕ್ಕನ ಮದುವೆಯಾದ ಆರು ವರ್ಷಕ್ಕೆ ಮೊದಲ ಸಲ ಬಾವನ ತಲೆ ಅವನ ಮುಂದೆ ಬಗ್ಗಿತ್ತು. ಮೂರು ಕತ್ತರಿಗೆ ಅವನು ತೆಗೆದುಕೊಂಡದ್ದು ಏಳು ನಿಮಿಷ.

ಅಂದಿನ ಊಟದಲ್ಲಿ ಸಿದ್ದರಾಮು ಎರಡು ಸಲ ಪಾಯಸ ಕೇಳಿ ಹಾಕಿಸಿಕೊಂಡ. ಗೌರಿ ಹಬ್ಬಕ್ಕೆ ಬಾಗಿನ ತರುತ್ತೇನೆ, ಬಾವನಿಗೂ ಒಂದು ಟೋಪಿ ತರುತ್ತೇನೆ ಎಂದ. ಪುಷ್ಪ ಆಗ ನಕ್ಕದ್ದನ್ನು ಸಿದ್ದೇಶ ದೂರದಿಂದ ನೋಡಿದ. ಅಷ್ಟು ಹೊತ್ತಿಗೆ ಅವನ ತಲೆಯ ಮೇಲೆ ಗಂಧ ಒಣಗಿ ಬಿಗಿಯುತ್ತಿತ್ತು.

ಹೊಳೆಯ ದಡದ ಮರದಡಿ ಅಪ್ಪ ಮಗಳು ಅಕ್ಕಪಕ್ಕ ಕುಳಿತರು. ಎರಡೂ ತಲೆಗೆ ಒಂದೇ ಗಂಧ, ಒಂದೇ ಬಿಸಿಲು. ಪುಷ್ಪ ಪಾತ್ರೆ ಜೋಡಿಸುತ್ತಾ, ಬುಧವಾರ ಅತ್ತೆಯನ್ನು ಕರೆದುಕೊಂಡು ಪಾಂಡವಪುರದ ಕಣ್ಣಿನ ಡಾಕ್ಟರಲ್ಲಿಗೆ ಹೋಗಿಬರಬೇಕೆಂದಳು. ನಿಸರ್ಗ ಅಪ್ಪನ ಬೋಳು ತಲೆಯ ಮೇಲೆ ಕೈಯಿಟ್ಟು, ಚಿಂತೆಯಿಂದ ಅಮ್ಮನನ್ನು ನೋಡಿದಳು.

"ಅಮ್ಮ, ನೀನು ಊರ್ಗೋದ್ರೆ ಅಪ್ಪನ್ನ ಯಾರು ನೋಡ್ಕಂತಾರೆ?"

"ನೀನೇ ನೋಡ್ಕಬೇಕು ಕಣವ್ವ."

ಮಗಳು ಅಪ್ಪನ ತಲೆಯನ್ನು ಇನ್ನೊಮ್ಮೆ ಸವರಿ ನೋಡಿದಳು. ಆಮೇಲೆ ಅಡ್ಡಡ್ಡ ತಲೆಯಾಡಿಸಿದಳು.

"ನನ್ ಕೈಲಿ ಆಗಾಕಿಲ್ಲ. ಅಪ್ಪ ಯೋಳಿದ್ ಮಾತೇ ಕೇಳಾಕಿಲ್ಲ."